ಮುರಕಲ್ಲಿನ ಮನೆಗೆ ಬಣ್ಣದ ಸ್ಮಾರ್ಟ್ ಬಲ್ಬ್: ತರುವ ಮೊದಲು, ಹಾಕುವಾಗ, ಹಾಕಿದ ಮೇಲೆ

ದೀಪಾವಳಿ ಹತ್ತಿರ ಬಂತೆಂದರೆ ಸಾಕು, ಕಾಸರಗೋಡಿನಿಂದ ಉಪ್ಪಳದವರೆಗೆ ಎಲೆಕ್ಟ್ರಿಕಲ್ ಅಂಗಡಿಗಳ ಎದುರು ಬಣ್ಣದ ಬಲ್ಬು, ಪಟ್ಟಿಯಂಥ ಸ್ಟ್ರಿಪ್ ಲೈಟು ಮಿಣುಕಲು ಶುರುವಾಗುತ್ತವೆ. ಪೆಟ್ಟಿಗೆಯ ಮೇಲೆ ‘1.6 ಕೋಟಿ ಬಣ್ಣ’ ಅಂತ ದೊಡ್ಡದಾಗಿ ಬರೆದಿರುತ್ತದೆ. ಲೆಕ್ಕ ಸರಿಯೇ. ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಹಂತ. ಗುಣಿಸಿದರೆ 1,67,77,216 ಆಗುತ್ತದೆ. ಆದರೆ ನಾವು ನಿಜವಾಗಿ ಬಳಸುವುದು ಐದೋ ಆರೋ ಬಣ್ಣ, ಅದೂ ಹಬ್ಬ, ಹುಟ್ಟುಹಬ್ಬ ಅಂತ ವರ್ಷಕ್ಕೆ ಕೆಲವು ದಿನ. ಉಳಿದ ದಿನಗಳಲ್ಲಿ ಬೇಕಾಗುವುದು ಕಣ್ಣಿಗೆ ಹಿತವಾದ ಬಿಳಿ ಬೆಳಕು.

ಹಾಗಾಗಿ ಬಣ್ಣದ ಸಂಖ್ಯೆ ನೋಡಿ ಬಲ್ಬ್ ತರಬೇಡಿ. ಸ್ಮಾರ್ಟ್ ಬಲ್ಬ್ ಅಂದರೆ ಹೆಚ್ಚಾಗಿ ವೈಫೈ ಮೂಲಕ ಫೋನಿನಿಂದ ನಡೆಸುವ ಬಲ್ಬ್. ನಮ್ಮ ಕಡೆಯ ಮನೆಗಳಲ್ಲಿ ಇಂಥ ಬಲ್ಬ್ ಉಪಯೋಗಕ್ಕೆ ಬರುತ್ತದೋ, ಕಪಾಟು ಸೇರುತ್ತದೋ ಎಂಬುದು ನಿಂತಿರುವುದು ಬೇರೆ ಎರಡು ವಿಷಯದ ಮೇಲೆ. ಒಂದು, ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆ ದಾಟಿ ವೈಫೈ ಅಲ್ಲಿಗೆ ಬರುತ್ತದೆಯೇ? ಇನ್ನೊಂದು, ಕರೆಂಟು ಹೋಗಿ ಬಂದಾಗ ಬಲ್ಬ್ ಏನು ಮಾಡುತ್ತದೆ?

ಮೊದಲು ಜಾಗ, ಆಮೇಲೆ ಅಂಗಡಿ

ಎಲ್ಲ ಕೋಣೆಗೂ ಒಟ್ಟಿಗೆ ಹಾಕುವ ಆಸೆ ಬೇಡ. ಒಂದು ಬಲ್ಬಿನಿಂದ ಶುರು ಮಾಡಿ. ಚಾವಡಿ ಅಥವಾ ಸಿಟೌಟ್ (ಮುಂದಿನ ಜಗಲಿ) ಒಳ್ಳೆಯ ಜಾಗ. ಟಿವಿಯ ಹಿಂದೆ ಸ್ಟ್ರಿಪ್ ಹಾಕಿದರೂ ಚೆನ್ನಾಗಿ ಕಾಣುತ್ತದೆ. ಅಡುಗೆಮನೆಗೂ ಮಕ್ಕಳು ಓದುವ ಮೇಜಿಗೂ ಬಣ್ಣದ ಬಲ್ಬ್ ಬೇಕಾಗಿಲ್ಲ, ಅಲ್ಲಿಗೆ ಮಾಮೂಲಿ ಎಲ್‌ಇಡಿಯೇ ಸಾಕು. ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ‘ಫಿಲಮೆಂಟ್ ರಹಿತ ಕೇರಳ’ ಯೋಜನೆಯಲ್ಲಿ ಬಂದ 9 ವ್ಯಾಟ್ ಬಲ್ಬ್ ಮನೆಯಲ್ಲಿ ಇನ್ನೂ ಉರಿಯುತ್ತಿದ್ದರೆ ಅದನ್ನು ತೆಗೆಯಲು ಹೋಗಬೇಡಿ.

ಜಾಗ ಗೊತ್ತಾದ ಮೇಲೆ ಅಲ್ಲಿನ ಹೋಲ್ಡರ್ ನೋಡಿ. ನಮ್ಮ ಮನೆಗಳಲ್ಲಿ ಜಾಸ್ತಿ ಇರುವುದು ಎರಡು ಪಿನ್ನಿನದು, ಒತ್ತಿ ತಿರುಗಿಸುವಂಥದ್ದು. ಪೆಟ್ಟಿಗೆಯಲ್ಲಿ ಅದಕ್ಕೆ ಬಿ22 ಎಂದಿರುತ್ತದೆ. ಫ್ಯಾನ್ಸಿ ಲೈಟುಗಳಲ್ಲಿ, ಗೋಡೆ ಲೈಟುಗಳಲ್ಲಿ ತಿರುಪಿನ ಹೋಲ್ಡರ್ ಇರುತ್ತದೆ, ಅದು ಇ27. ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುವ ಎಷ್ಟೋ ಬಲ್ಬುಗಳು ಇ27. ಒಂದನ್ನು ಇನ್ನೊಂದಕ್ಕೆ ಹೊಂದಿಸುವ ಕನ್ವರ್ಟರ್ ಅಗ್ಗಕ್ಕೆ ಸಿಗುತ್ತದೆ. ಆದರೆ ಬಲ್ಬ್ ಅಷ್ಟು ಕೆಳಗೆ ಜೋತು ಬಿದ್ದು ಶೇಡ್‌ನಿಂದ ಹೊರಗೆ ಇಣುಕುತ್ತದೆ. ಸರಿಯಾದುದನ್ನೇ ತಂದರಾಯಿತು.

ಆ ಬಲ್ಬಿನ ಸ್ವಿಚ್ಚಿಗೆ ರೆಗ್ಯುಲೇಟರ್ ಅಥವಾ ಡಿಮ್ಮರ್ ಇದೆಯೇ ಎಂದೂ ನೋಡಿ. ಇದ್ದರೆ ಅಲ್ಲಿ ಸ್ಮಾರ್ಟ್ ಬಲ್ಬ್ ಹಾಕಬಾರದು. ಬೆಳಕು ಹೆಚ್ಚು ಕಡಿಮೆ ಮಾಡುವ ಕೆಲಸವನ್ನು ಬಲ್ಬ್ ತಾನೇ ಮಾಡಿಕೊಳ್ಳುತ್ತದೆ. ಡಿಮ್ಮರ್ ಅದಕ್ಕೆ ಕೊಡುವ ಕರೆಂಟನ್ನೇ ಕತ್ತರಿಸಿದರೆ ಮಿಣುಕುತ್ತದೆ, ಬೇಗ ಹಾಳಾಗುತ್ತದೆ. ಗಾಳಿಯಾಡದ ಗಾಜಿನ ಗೋಳದೊಳಗೂ ಬೇಡ. ಒಳಗಿನ ಎಲೆಕ್ಟ್ರಾನಿಕ್ಸ್‌ಗೆ ಬಿಸಿ ಆಗಿಬರುವುದಿಲ್ಲ.

ಇನ್ನು ವೈಫೈ. ಇದನ್ನು ಹಣ ಕೊಡುವ ಮೊದಲೇ ಪರೀಕ್ಷೆ ಮಾಡಬಹುದು. ಬಲ್ಬ್ ಹಾಕುವ ಜಾಗದ ಕೆಳಗೆ ಫೋನ್ ಹಿಡಿದು ನಿಲ್ಲಿ. ಮೊಬೈಲ್ ಡೇಟಾ ಆಫ್ ಮಾಡಿ. ವೈಫೈಯಲ್ಲಿ ಒಂದು ವಿಡಿಯೋ ಓಡಿಸಿ. ತಡೆಯದೆ ಓಡಿದರೆ ಬಲ್ಬಿಗೂ ಸಾಕು. ಫೋನಿನಲ್ಲಿ ಒಂದೇ ಕಡ್ಡಿ ಕಾಣುತ್ತಿದ್ದರೆ ಬಲ್ಬ್ ಇವತ್ತು ಸಿಕ್ಕಿ ನಾಳೆ ಕೈಕೊಡುತ್ತದೆ, ಯಾಕೆಂದರೆ ಅದರೊಳಗಿನ ಆಂಟೆನಾ ತೀರಾ ಚಿಕ್ಕದು.

ಮುರಕಲ್ಲಿನ ಗೋಡೆ ದಪ್ಪ, ಮಳೆಗಾಲದಲ್ಲಿ ತೇವ ಬೇರೆ. ಸಿಗ್ನಲ್ ಒಂದು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ, ಎರಡನೆಯದನ್ನು ದಾಟುವಾಗ ಹೆಚ್ಚುಕಡಿಮೆ ಮುಗಿದೇ ಹೋಗುತ್ತದೆ. ಫೈಬರ್ ಕನೆಕ್ಷನ್ ಕೊಡಲು ಬಂದವರು ಸಾಮಾನ್ಯವಾಗಿ ವಯರ್ ಒಳಗೆ ಬರುವ ಕಿಟಕಿಯ ಪಕ್ಕದಲ್ಲೇ ರೂಟರ್ ಹೊಡೆದು ಹೋಗುತ್ತಾರೆ. ಅದನ್ನು ಮನೆಯ ನಡುವಿಗೆ, ತಲೆಗಿಂತ ಎತ್ತರಕ್ಕೆ ತಂದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಕಬ್ಬಿಣದ ಕಪಾಟಿನ ಮೇಲೆ ಮಾತ್ರ ಇಡಬೇಡಿ. ಇಷ್ಟಾದ ಮೇಲೂ ಸಿಟೌಟಿಗೆ ತಲುಪದಿದ್ದರೆ ಸಿಗ್ನಲನ್ನು ಮುಂದಕ್ಕೆ ದಾಟಿಸುವ ಒಂದು ಎಕ್ಸ್‌ಟೆಂಡರ್ ಬೇಕಾಗಬಹುದು. ಅದರ ಬೆಲೆಯನ್ನೂ ಬಜೆಟ್ಟಿಗೆ ಸೇರಿಸಿಕೊಳ್ಳಿ.

ಮನೆಗೆ ಬ್ರಾಡ್‌ಬ್ಯಾಂಡೇ ಇಲ್ಲ, ಫೋನಿನ ಹಾಟ್‌ಸ್ಪಾಟ್‌ನಲ್ಲಿ ನಡೆಸಬಹುದೇ? ನಡೆಯುತ್ತದೆ, ಆದರೆ ಆ ಫೋನ್ ಮನೆಯಲ್ಲಿ ಇರುವಷ್ಟು ಹೊತ್ತು ಮಾತ್ರ. ಅಂಥ ಮನೆಗೆ ಬ್ಲೂಟೂತ್ ಬಲ್ಬ್ ಅಥವಾ ರಿಮೋಟಿನ ಬಲ್ಬ್ ಲೇಸು. ಬ್ಲೂಟೂತಿನದು ಒಂದು ಕೋಣೆಯ ಅಂದಾಜಿನಲ್ಲಿ ಕೆಲಸ ಮಾಡುತ್ತದೆ. ಹೊರಗೆ ಹೋದಾಗ ಹಚ್ಚಲು ಆರಿಸಲು ಆಗುವುದಿಲ್ಲ ಅಷ್ಟೇ.

ಪೆಟ್ಟಿಗೆಯಲ್ಲಿ ಏನು ಓದಬೇಕು

ವಿಪ್ರೋ, ಫಿಲಿಪ್ಸ್ ವಿಜ್, ಹ್ಯಾಲೋನಿಕ್ಸ್, ಟಿಪಿ-ಲಿಂಕ್ ಟ್ಯಾಪೋ ಮುಂತಾದವು ಸುಲಭವಾಗಿ ಸಿಗುತ್ತವೆ. 9 ವ್ಯಾಟಿನ ಬಣ್ಣದ ವೈಫೈ ಬಲ್ಬಿಗೆ ಸುಮಾರು 500ರಿಂದ 900 ರೂಪಾಯಿ, ಆಫರ್ ಇದ್ದರೆ ಇನ್ನೂ ಕಡಿಮೆ. ಫಿಲಿಪ್ಸ್‌ನದೇ ಹ್ಯೂ ಎಂಬ ಇನ್ನೊಂದು ಸಾಲಿದೆ, ಅದು ವೈಫೈ ಅಲ್ಲ, ಜಿಗ್‌ಬೀ ಎಂಬ ಬೇರೆ ವಯರ್‌ಲೆಸ್ ತಂತ್ರದ್ದು. ಗುಣಮಟ್ಟ ಚೆನ್ನಾಗಿದೆ, ಬೆಲೆಯೂ ಹಾಗೆಯೇ ಮೇಲೆ. ಎರಡು ಮೂರು ಬಲ್ಬ್ ಹಾಕುವವರಿಗೆ ಅದರ ಅಗತ್ಯವಿಲ್ಲ.

ನಾನು ಪೆಟ್ಟಿಗೆಯಲ್ಲಿ ಮೊದಲು ನೋಡುವುದು ಲ್ಯೂಮೆನ್, ಅಂದರೆ ಬೆಳಕು ಎಷ್ಟು ಎಂಬ ಅಳತೆ. 9 ವ್ಯಾಟ್ ಬಲ್ಬಿಗೆ 800ರ ಆಸುಪಾಸು ಇರಬೇಕು. ಇದು ಬಿಳಿ ಬೆಳಕಿನ ಲೆಕ್ಕ, ಬಣ್ಣದ್ದಲ್ಲ. ಬಣ್ಣ ಹಾಕಿದಾಗ ಬೆಳಕು ತುಂಬ ಇಳಿಯುತ್ತದೆ, ಕಡುನೀಲಿಯಲ್ಲಂತೂ ಪೇಪರ್ ಓದಲು ಸಾಧ್ಯವಿಲ್ಲ. ಬಲ್ಬ್ ಕೆಟ್ಟಿದೆ ಅಂತ ಅಂಗಡಿಗೆ ಓಡಬೇಡಿ, ಅದು ಇರುವುದೇ ಹಾಗೆ.

ಆಮೇಲೆ ಕೆಲ್ವಿನ್, ಅಂದರೆ ಬಿಳಿಯ ಛಾಯೆಯ ಅಳತೆ. 2700 ಅಂದರೆ ಹಳೆಯ ತಂತಿ ಬಲ್ಬಿನ ಹಳದಿ, 6500 ಅಂದರೆ ಟ್ಯೂಬ್‌ಲೈಟಿನ ಬಿಳಿ. ‘2700–6500’ ಎಂದು ಎರಡೂ ಬರೆದಿದ್ದರೆ ಅದರೊಳಗೆ ಬಿಳಿಗೆಂದೇ ಬೇರೆ ಎಲ್‌ಇಡಿಗಳಿವೆ ಎಂದರ್ಥ. ಬರೀ ‘ಆರ್‌ಜಿಬಿ’ ಎಂದಿದ್ದರೆ ಕೆಂಪು, ಹಸಿರು, ನೀಲಿಯನ್ನು ಬೆರೆಸಿ ಬಿಳಿ ಮಾಡುತ್ತಾರೆ. ಆ ಬಿಳಿ ನೀಲಿಗೆ ಹೊರಳಿದಂತೆ ಇರುತ್ತದೆ, ಅದರ ಕೆಳಗೆ ಊಟದ ಬಟ್ಟಲೂ ಮನುಷ್ಯರ ಮುಖವೂ ಸಪ್ಪೆಯಾಗಿ ಕಾಣುತ್ತವೆ. ನೂರಿನ್ನೂರು ಉಳಿಸಲು ಹೋಗಿ ಅದನ್ನು ತರಬೇಡಿ.

ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಬಲ್ಬಿನ ಮೇಲೆ ಇರಲೇಬೇಕು. ಹೆಸರಿಲ್ಲದ ಚೀಲದಲ್ಲಿ ಬರುವ ಬಲ್ಬುಗಳಲ್ಲಿ ಇದೇ ಕಾಣೆ. ಪೆಟ್ಟಿಗೆಯಲ್ಲಿ ‘ಮ್ಯಾಟರ್’ ಎಂಬ ಗುರುತಿದ್ದರೆ ಇನ್ನೂ ಒಳ್ಳೆಯದು. ಬೇರೆ ಬೇರೆ ಕಂಪನಿಯ ಸಾಮಾನುಗಳು ಒಂದೇ ಆ್ಯಪ್‌ನಲ್ಲಿ ಸೇರಲಿ ಅಂತ 2022ರಲ್ಲಿ ಬಂದ ಮಾನದಂಡ ಅದು. ಆದರೆ ಅದಕ್ಕೋಸ್ಕರ ದುಪ್ಪಟ್ಟು ಹಣ ಕೊಡಬೇಕಾಗಿಲ್ಲ.

ಮಂಗಳೂರಿನಿಂದ ತರಲಿ, ಬದಿಯಡ್ಕದಲ್ಲೇ ತೆಗೆದುಕೊಳ್ಳಲಿ, ಜಿಎಸ್‌ಟಿ ಎರಡೂ ಕಡೆ ಒಂದೇ. ಹತ್ತಿರದ ಅಂಗಡಿಯಲ್ಲಿ ಐವತ್ತು ರೂಪಾಯಿ ಜಾಸ್ತಿಯಾದರೂ ಬದಲಿಸಿಕೊಡುತ್ತಾರೆ, ತಲಪಾಡಿ ಗಡಿ ದಾಟಿ ಬಸ್ಸಿನಲ್ಲಿ ಹೋಗುವ ಕೆಲಸ ತಪ್ಪುತ್ತದೆ. ಅಂಗಡಿಯಲ್ಲೇ ಹೋಲ್ಡರಿಗೆ ಹಾಕಿ ತೋರಿಸಲು ಹೇಳಿ. ಬಿಲ್ಲಿನ ಫೋಟೋ ಆಗಲೇ ತೆಗೆದಿಡಿ. ಆ ನಯವಾದ ಕಾಗದದ ಅಕ್ಷರ ವಾರಂಟಿ ಮುಗಿಯುವ ಮೊದಲೇ ಮಾಸಿರುತ್ತದೆ.

ಜೋಡಿಸುವುದು

ಹೆಚ್ಚಿನವರು ಸೋಲುವುದು ಇಲ್ಲಿ, ಅದೂ ಒಂದೇ ಕಾರಣಕ್ಕೆ. ಈ ಅಗ್ಗದ ಬಲ್ಬುಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. ಈಗಿನ ರೂಟರುಗಳು 2.4 ಮತ್ತು 5 ಎರಡನ್ನೂ ಕೊಡುತ್ತವೆ, ಕೆಲವು ಎರಡಕ್ಕೂ ಒಂದೇ ಹೆಸರಿಡುತ್ತವೆ. ಫೋನ್ 5ರಲ್ಲಿ ಕೂತಿರುತ್ತದೆ, ಬಲ್ಬ್ 2.4ರಲ್ಲಿ ಹುಡುಕುತ್ತಿರುತ್ತದೆ. ಆ್ಯಪ್‌ನಲ್ಲಿ ಚಕ್ರ ನೂರು ತನಕ ತಿರುಗಿ ‘ವಿಫಲ’ ಅನ್ನುತ್ತದೆ. ರೂಟರಿನ ಸೆಟ್ಟಿಂಗ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿಡಿ. ನಿಮಗೆ ಗೊತ್ತಾಗದಿದ್ದರೆ ಕೇಬಲಿನವರಿಗೆ ಫೋನ್ ಮಾಡಿ, ‘2.4 ಮತ್ತು 5 ಬೇರೆ ಬೇರೆ ಮಾಡಿ ಕೊಡಿ’ ಅಂದರೆ ಸಾಕು. ಅವರಿಗೆ ಎರಡು ನಿಮಿಷದ ಕೆಲಸ.

ಇನ್ನು ಬಲ್ಬನ್ನು ಹೋಲ್ಡರಿಗೆ ಹಾಕಿ. ಸ್ವಿಚ್ ಆಫ್ ಇರುವಾಗಲೇ ಹಾಕಬೇಕು, ಹೇಳಬೇಕಾಗಿಲ್ಲ. ಫೋನಿನಲ್ಲಿ ಕಂಪನಿಯ ಆ್ಯಪ್ ಹಾಕಿ, ಲೊಕೇಶನ್ ಮತ್ತು ಬ್ಲೂಟೂತ್ ಆನ್ ಮಾಡಿ. ಬಲ್ಬಿಗೆ ಲೊಕೇಶನ್ ಯಾಕೆ ಅಂತ ಅನುಮಾನ ಬರುವುದು ಸಹಜ. ಲೊಕೇಶನ್ ಅನುಮತಿ ಇಲ್ಲದೆ ಹತ್ತಿರದ ವೈಫೈಗಳ ಹೆಸರು ನೋಡಲು ಆಂಡ್ರಾಯ್ಡ್ ಫೋನ್ ಆ್ಯಪ್‌ಗಳನ್ನು ಬಿಡುವುದಿಲ್ಲ. ಜೋಡಿಸಿ ಆದ ಮೇಲೆ ಬೇಕಾದರೆ ಅನುಮತಿ ವಾಪಸ್ ತೆಗೆಯಿರಿ. ಮೊಬೈಲ್ ಡೇಟಾ ಆಫ್ ಇರಲಿ.

ಸ್ವಿಚ್ ಹಾಕಿದಾಗ ಬಲ್ಬ್ ಪಟಪಟ ಮಿಣುಕಿದರೆ ಅದು ಜೋಡಣೆಗೆ ತಯಾರು. ಮಿಣುಕದೆ ಸುಮ್ನೆ ಉರಿದರೆ ಸ್ವಿಚ್ಚನ್ನು ಆನ್-ಆಫ್, ಆನ್-ಆಫ್, ಆನ್-ಆಫ್ ಮಾಡಿ ಮತ್ತೆ ಆನ್ ಮಾಡಿ. ನಡುವೆ ಒಂದೊಂದು ಸೆಕೆಂಡು ಬಿಡಿ, ತೀರಾ ಅವಸರ ಮಾಡಿದರೆ ಬಲ್ಬಿಗೆ ಲೆಕ್ಕ ಸಿಗುವುದಿಲ್ಲ. ಹೆಚ್ಚಿನ ಕಂಪನಿಗಳಿಗೆ ಮೂರು ಸಲ, ಕೆಲವಕ್ಕೆ ಬೇರೆ. ಒಳಗಿನ ಚೀಟಿಯಲ್ಲಿ ಇರುತ್ತದೆ. ಮಿಣುಕಲು ಶುರುವಾದ ಮೇಲೆ ಆ್ಯಪ್‌ನಲ್ಲಿ ಕೂಡಿಸುವ ಗುರುತು ಒತ್ತಿ, 2.4ರ ವೈಫೈ ಹೆಸರು ಆರಿಸಿ, ಪಾಸ್‌ವರ್ಡ್ ಹಾಕಿ. ದೊಡ್ಡಕ್ಷರ ಸಣ್ಣಕ್ಷರ ನೋಡಿಕೊಂಡು ಹಾಕಿ. ಅರ್ಧ ನಿಮಿಷದಲ್ಲಿ ಮಿಣುಕುವುದು ನಿಂತು ಬೆಳಕು ಸ್ಥಿರವಾಗುತ್ತದೆ.

ಆಗದಿದ್ದರೆ ಬಲ್ಬನ್ನು ರೂಟರಿನ ಹತ್ತಿರದ ಹೋಲ್ಡರಿಗೆ ಹಾಕಿ ಜೋಡಿಸಿ. ಆಮೇಲೆ ಅದರ ಜಾಗಕ್ಕೆ ಒಯ್ಯಿರಿ. ರೂಟರಿನ ಭದ್ರತೆ ಡಬ್ಲ್ಯುಪಿಎ3 ಮಾತ್ರ ಎಂದಿದ್ದರೆ ಅದನ್ನು ಡಬ್ಲ್ಯುಪಿಎ2ಕ್ಕೆ ಬದಲಿಸಿ ನೋಡಿ.

ಒಂದು ಉಪಾಯ ನೆನಪಿಟ್ಟುಕೊಳ್ಳಿ. ಮುಂದೆ ಯಾವಾಗಲಾದರೂ ಇಂಟರ್ನೆಟ್ ಕಂಪನಿ ಬದಲಿಸಿದರೆ, ಹೊಸ ರೂಟರಿಗೆ ಹಳೆಯ ವೈಫೈ ಹೆಸರನ್ನೂ ಹಳೆಯ ಪಾಸ್‌ವರ್ಡನ್ನೂ ಹಾಗೆಯೇ ಕೊಡಿ. ಬಲ್ಬುಗಳಿಗೆ ರೂಟರ್ ಬದಲಾದದ್ದೇ ಗೊತ್ತಾಗುವುದಿಲ್ಲ. ಒಂದೊಂದನ್ನೂ ಮತ್ತೆ ಜೋಡಿಸುವ ತಲೆನೋವು ತಪ್ಪುತ್ತದೆ.

ಕರೆಂಟು ಹೋಗಿ ಬಂದಾಗ

ಜೋಡಿಸಿದ ಕೂಡಲೇ ಬಣ್ಣದ ಆಟಕ್ಕೆ ಇಳಿಯಬೇಡಿ. ಮೊದಲು ಈ ಒಂದು ಸೆಟ್ಟಿಂಗ್ ಹುಡುಕಿ. ‘ಪವರ್ ಆನ್ ಬಿಹೇವಿಯರ್’ ಎಂದೋ ‘ಪವರ್ ಆಫ್ ಮೆಮೊರಿ’ ಎಂದೋ ಇರುತ್ತದೆ. ಕರೆಂಟು ಹೋಗಿ ಬಂದಾಗ ಬಲ್ಬ್ ಏನು ಮಾಡಬೇಕು ಅಂತ ಹೇಳುವ ಜಾಗ ಅದು. ಕಂಪನಿಯಿಂದ ಬರುವಾಗ ಸಾಮಾನ್ಯವಾಗಿ ‘ಉರಿಯಲಿ’ ಎಂದೇ ಇರುತ್ತದೆ. ಮಳೆಗಾಲದ ರಾತ್ರಿ ಎರಡು ಗಂಟೆಗೆ ಎಲ್ಲೋ ಅಡಿಕೆ ಮರ ಲೈನಿನ ಮೇಲೆ ಬಿದ್ದು ಕರೆಂಟು ಹೋಗುತ್ತದೆ. ಮೂರಕ್ಕೆ ಬರುತ್ತದೆ. ಮಲಗುವ ಕೋಣೆಯ ಬಲ್ಬ್ ಪೂರ್ತಿ ಬಿಳಿಯಾಗಿ ಝಗ್ಗನೆ ಉರಿಯುತ್ತದೆ. ಮಗು ಎದ್ದು ಕೂತಿತು ಅಂದರೆ ಮತ್ತೆ ನಿದ್ದೆ ಯಾರಿಗೂ ಇಲ್ಲ.

ಅದನ್ನು ‘ಹಿಂದೆ ಹೇಗಿತ್ತೋ ಹಾಗೆ’ ಎಂದು ಬದಲಿಸಿ. ಆರಿಸಿದ್ದರೆ ಆರಿಯೇ ಇರುತ್ತದೆ. ಈ ಸೆಟ್ಟಿಂಗೇ ಇಲ್ಲದ ಬಲ್ಬನ್ನು ಮಲಗುವ ಕೋಣೆಗೆ ಹಾಕಬೇಡಿ, ಹಾಕಿದರೂ ರಾತ್ರಿ ಗೋಡೆಯ ಸ್ವಿಚ್ಚೇ ಆಫ್ ಮಾಡಿ. ಇನ್ವರ್ಟರ್ ಇದ್ದವರು ರೂಟರನ್ನೂ ಇನ್ವರ್ಟರ್ ಲೈನಿಗೆ ಸೇರಿಸಿ. ಇಲ್ಲದಿದ್ದರೆ ಕರೆಂಟು ಹೋದಾಗ ಬಲ್ಬಿಗೆ ಜೀವ ಇರುತ್ತದೆ, ವೈಫೈ ಇರುವುದಿಲ್ಲ, ಫೋನಿನ ಮಾತು ಅದು ಕೇಳುವುದಿಲ್ಲ.

ಗೋಡೆಯ ಸ್ವಿಚ್ಚಿನದು ಇನ್ನೊಂದು ಕಥೆ. ಸ್ಮಾರ್ಟ್ ಬಲ್ಬಿಗೆ ಆ ಸ್ವಿಚ್ ಯಾವಾಗಲೂ ಆನ್ ಇರಬೇಕು. ಆದರೆ ‘ಯಾರೂ ಇಲ್ಲದ ಕೋಣೆಗೆ ಲೈಟ್ ಯಾಕೆ ಮಗಾ’ ಅಂತ ಅಜ್ಜಿ ಟಕ್ ಅಂತ ಆಫ್ ಮಾಡುತ್ತಾರೆ. ಅವರನ್ನು ಬದಲಿಸಲು ಹೋಗುವುದಕ್ಕಿಂತ ವ್ಯವಸ್ಥೆಯನ್ನೇ ಅವರಿಗೆ ಹೊಂದುವಂತೆ ಮಾಡುವುದು ಮೇಲು. ವಿಜ್ ಬಲ್ಬುಗಳಲ್ಲಿ ಸ್ವಿಚ್ಚನ್ನು ಎರಡು ಸಲ ಒತ್ತಿದರೆ ನೀವು ಮೊದಲೇ ಆರಿಸಿಟ್ಟ ಬೇರೆ ಬೆಳಕು ಬರುವ ಸೌಲಭ್ಯವಿದೆ, ಫೋನ್ ಬೇಡ. ಇನ್ನೊಂದು ದಾರಿ, ಬಲ್ಬ್ ಮಾಮೂಲಿಯದೇ ಇರಲಿ, ಬೋರ್ಡಿನ ಒಳಗೆ ಸ್ಮಾರ್ಟ್ ಸ್ವಿಚ್ ಮಾಡ್ಯೂಲ್ ಕೂರಿಸುವುದು. ಆಗ ಸ್ವಿಚ್ಚೂ ನಡೆಯುತ್ತದೆ, ಫೋನೂ ನಡೆಯುತ್ತದೆ. ಬಣ್ಣ ಮಾತ್ರ ಸಿಗುವುದಿಲ್ಲ. ಇಂಥ ಹೆಚ್ಚಿನ ಮಾಡ್ಯೂಲ್‌ಗಳಿಗೆ ಬೋರ್ಡಿನಲ್ಲಿ ನ್ಯೂಟ್ರಲ್ ವಯರ್ ಬೇಕು. ಹಳೆಯ ಮನೆಗಳಲ್ಲಿ ಅದು ಇರುವುದೇ ಅಪರೂಪ. ಇದು ವಯರಿಂಗಿನವರ ಕೆಲಸ, ನೀವೇ ಬಿಚ್ಚಲು ಹೋಗಬೇಡಿ.

ಸ್ಟ್ರಿಪ್ ಲೈಟು

ಸ್ಟ್ರಿಪ್‌ನಲ್ಲಿ ಮೋಸ ಇರುವುದು ಅಡಾಪ್ಟರಿನಲ್ಲಿ. ಮೀಟರಿಗೆ 60 ಎಲ್‌ಇಡಿ ಇರುವ 12 ವೋಲ್ಟಿನ ‘5050’ (ಇದು ಎಲ್‌ಇಡಿಯ ಗಾತ್ರದ ಹೆಸರು) ಸ್ಟ್ರಿಪ್ ಪೂರ್ತಿ ಉರಿದರೆ ಮೀಟರಿಗೆ 14.4 ವ್ಯಾಟ್. ಐದು ಮೀಟರಿಗೆ 72 ವ್ಯಾಟ್, ಅಂದರೆ 6 ಆಂಪಿಯರ್. ಪೆಟ್ಟಿಗೆ ಬಿಚ್ಚಿದರೆ ಒಳಗೆ 2 ಆಂಪಿಯರಿನ ಅಡಾಪ್ಟರ್! ಅದರಲ್ಲಿ ಬೆಳಕು ಮಂಕಾಗಿ ಉರಿಯುತ್ತದೆ, ಅಡಾಪ್ಟರ್ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಟಿವಿಯ ಹಿಂದೆ ಎರಡು ಮೀಟರ್ ಹಾಕುವುದಾದರೆ ಇದರ ಗೊಡವೆ ಇಲ್ಲ, ಯುಎಸ್‌ಬಿಯಲ್ಲಿ ನಡೆಯುವ 5 ವೋಲ್ಟಿನದೇ ಸಾಕು. ಚಾವಡಿಯ ಸುತ್ತ ಹಾಕುವುದಾದರೆ ಲೆಕ್ಕ ಹಾಕಿ, ಬೇಕಾದುದಕ್ಕಿಂತ ಕಾಲು ಭಾಗ ಜಾಸ್ತಿ ಸಾಮರ್ಥ್ಯದ ಅಡಾಪ್ಟರ್ ತನ್ನಿ.

ಉದ್ದ ಸ್ಟ್ರಿಪ್‌ನಲ್ಲಿ ಬಿಳಿ ಹಾಕಿದಾಗ ಕೊನೆಯ ತುದಿ ಕೆಂಪು ಬಣ್ಣಕ್ಕೆ ತಿರುಗಿದ್ದನ್ನು ನೋಡಿರಬಹುದು. ದೂರ ಹೋದಷ್ಟೂ ವೋಲ್ಟೇಜ್ ಇಳಿಯುತ್ತದೆ. ನೀಲಿ, ಹಸಿರಿಗೆ ಹೆಚ್ಚು ವೋಲ್ಟೇಜ್ ಬೇಕಾದ್ದರಿಂದ ಅವು ಮೊದಲು ಮಂಕಾಗುತ್ತವೆ, ಕೆಂಪು ಉಳಿಯುತ್ತದೆ. ಎರಡೂ ತುದಿಗೆ ಕರೆಂಟು ಕೊಟ್ಟರೆ ಇದು ಸರಿಯಾಗುತ್ತದೆ.

ಅಂಟಿಸುವ ವಿಚಾರ. ಸುಣ್ಣ ಬಳಿದ ಗೋಡೆಗೂ ಸಾರಣೆ ಇಲ್ಲದ ಮುರಕಲ್ಲಿಗೂ ಆ ಹಿಂಬದಿಯ ಗೋಂದು ನಿಲ್ಲುವುದಿಲ್ಲ. ಜೂನ್ ತಿಂಗಳ ಮೊದಲ ಮಳೆಗೆ ಪೂರ್ತಿ ಜೋತು ಬೀಳುತ್ತದೆ. ಮರದ ಅಡ್ಡಪಟ್ಟಿ ಇದ್ದರೆ ಒಣ ಬಟ್ಟೆಯಲ್ಲಿ ಧೂಳು ಒರೆಸಿ ಅದರ ಮೇಲೆ ಅಂಟಿಸಿ, ಅಡಿಗೊಂದು ಕ್ಲಿಪ್ ಹೊಡೆಯಿರಿ. ಹಾಲಿನಂಥ ಮುಚ್ಚಳ ಇರುವ ಅಲ್ಯೂಮಿನಿಯಂ ಚಾನೆಲ್ ಇನ್ನೂ ಒಳ್ಳೆಯದು. ಬಿಸಿ ಎಳೆದುಕೊಳ್ಳುತ್ತದೆ, ಎಲ್‌ಇಡಿಯ ಚುಕ್ಕಿಗಳು ಕಾಣದೆ ಬೆಳಕು ಗೆರೆಯಾಗಿ ಕಾಣುತ್ತದೆ. ಸ್ಟ್ರಿಪ್ ಉದ್ದವಾದರೆ ಕತ್ತರಿ ಗುರುತು ಇರುವಲ್ಲೇ ಕತ್ತರಿಸಿ. ಮೂಲೆಯಲ್ಲಿ ಚೂಪಾಗಿ ಮಡಚಬೇಡಿ. ಸುತ್ತಿದ ಉರುಳೆಯಲ್ಲೇ ಹಚ್ಚಿ ಬಹಳ ಹೊತ್ತು ಬಿಡಬೇಡಿ, ಬಿಸಿಗೆ ಕರಗುತ್ತದೆ. ದೇವರ ಮಂಟಪದ ಒಳಗೆ, ಎಣ್ಣೆದೀಪ ಕರ್ಪೂರದ ಮೇಲ್ಗಡೆ ಬೇಡವೇ ಬೇಡ. ಮಂಟಪದ ಹಿಂದೆ ಹಾಕಿದರೆ ಬೆಳಕು ಗೋಡೆಗೆ ಬಿದ್ದು ಚೆನ್ನಾಗಿ ಕಾಣುತ್ತದೆ.

ಸಿಡಿಲಿನ ದಿನಗಳಲ್ಲಿ, ಅಂದರೆ ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರಿನ ಮಧ್ಯಾಹ್ನಗಳಲ್ಲಿ, ಅಡಾಪ್ಟರಿನ ಪ್ಲಗ್ಗನ್ನೇ ಕಿತ್ತಿಡಿ. ರೂಟರಿನದನ್ನೂ. ಮೋಡ ಗುಡುಗುವ ಮೊದಲೇ ಮಾಡಿ, ಸ್ವಿಚ್ ಆಫ್ ಮಾಡಿದರೆ ಸಾಲದು.

ಬಣ್ಣ, ಹೊತ್ತು, ಹುಳ

ಇನ್ನು ಆಟವಾಡಬಹುದು. ಚಾವಡಿಗೆ ಪೂರ್ತಿ ಕೆಂಪು ಹಾಕಿದರೆ ಯಕ್ಷಗಾನದ ಬಣ್ಣದ ವೇಷ ರಂಗಕ್ಕೆ ಬಂದ ಹಾಗಾಗುತ್ತದೆ, ಹತ್ತು ನಿಮಿಷಕ್ಕೆ ಸರಿ. ದಿನವೂ ಇರಬೇಕಾದರೆ ಬಣ್ಣದ ಗಾಢತೆಯನ್ನು ಅರ್ಧಕ್ಕೆ ಇಳಿಸಿ. ತಿಳಿ ಕಿತ್ತಳೆ, ತಿಳಿ ಗುಲಾಬಿ ಕಣ್ಣಿಗೆ ಹೊಡೆಯುವುದಿಲ್ಲ.

ಸಿಟೌಟಿನ ಬಲ್ಬಿಗೆ ಗಂಟೆ ಹಾಕಬೇಡಿ, ‘ಸೂರ್ಯಾಸ್ತ’ ಅಂತ ಹಾಕಿ. ಇಲ್ಲಿ ನವೆಂಬರಿನಲ್ಲಿ ಆರರ ಸುಮಾರಿಗೆ ಮುಳುಗುವ ಸೂರ್ಯ ಜುಲೈಯಲ್ಲಿ ಏಳರ ಹತ್ತಿರ ಬರುತ್ತಾನೆ. ಆ್ಯಪ್ ಅದನ್ನು ತಾನೇ ನೋಡಿಕೊಳ್ಳುತ್ತದೆ. ಎರಡು ದಿನ ಮನೆ ಬೀಗ ಹಾಕಿ ಹೋಗುವವರಿಗೆ ಇದು ತುಂಬ ಉಪಯೋಗ.

ಮಳೆ ಶುರುವಾಗುವಾಗ ಬಲ್ಬಿನ ಸುತ್ತ ಹಾತೆಗಳು ಮುತ್ತುತ್ತವೆ ಅಲ್ವಾ? ರಬ್ಬರ್ ತೋಟದ ಬದಿಯ ಮನೆಯವರಿಗೆ ಮುಪ್ಲಿ ಹುಳದ ಕಾಟ ಬೇರೆ. ನೀಲಿ ಸೇರಿದ ಬಿಳಿ ಬೆಳಕಿಗೆ ಹುಳಗಳು ಜಾಸ್ತಿ ಬರುತ್ತವೆ, ಹಳದಿ-ಕಿತ್ತಳೆಗೆ ಕಡಿಮೆ. ಆ ವಾರಗಳಲ್ಲಿ ಹೊರಗಿನ ಬಲ್ಬನ್ನು ಗಾಢ ಕಿತ್ತಳೆಗೆ ತಂದು ಬೆಳಕು ಮೂವತ್ತು ಶೇಕಡಕ್ಕೆ ಇಳಿಸಿ. ಪೂರ್ತಿ ನಿಲ್ಲುವುದಿಲ್ಲ, ಗುಡಿಸುವ ಕೆಲಸ ಕಡಿಮೆಯಾಗುತ್ತದೆ. ನನ್ನ ಮಟ್ಟಿಗೆ ಬಣ್ಣದ ಬಲ್ಬ್ ಹಾಕಲು ಇದಕ್ಕಿಂತ ಗಟ್ಟಿ ಕಾರಣ ಇನ್ನೊಂದಿಲ್ಲ.

ಬಾಯಲ್ಲಿ ಹೇಳಿ ಹಚ್ಚಬೇಕು ಅನ್ನುವವರಿಗೆ ಅಲೆಕ್ಸಾ ಇದೆ. ಅದಕ್ಕೆ ಇಂಗ್ಲಿಷ್, ಹಿಂದಿ ತಿಳಿಯುತ್ತದೆ, ಕನ್ನಡವಿಲ್ಲ. ‘ಚಾವಡಿ’ ಎಂದು ಹೆಸರಿಟ್ಟರೆ ಅದು ಏನೇನೋ ಕೇಳಿಸಿಕೊಳ್ಳುತ್ತದೆ, ‘ಹಾಲ್’ ಅಂತಿಡಿ.

ಬಿಲ್ಲು ಮತ್ತು ಭದ್ರತೆ

ಕೆಎಸ್‌ಇಬಿ ಬಿಲ್ಲು ಬರುವುದು ಎರಡು ತಿಂಗಳಿಗೊಮ್ಮೆ. 9 ವ್ಯಾಟಿನ ಬಲ್ಬ್ ದಿನಕ್ಕೆ ಐದು ಗಂಟೆ ಉರಿದರೆ 60 ದಿನಕ್ಕೆ 2.7 ಯುನಿಟ್. ಆರಿದ್ದಾಗಲೂ ವೈಫೈಗಾಗಿ ಅರ್ಧ ವ್ಯಾಟಿನಷ್ಟು ತಿನ್ನುತ್ತದೆ, ಅದು ಸುಮಾರು 0.6 ಯುನಿಟ್. ನಾಲ್ಕು ಬಲ್ಬಿಗೂ ಹೆದರುವಂಥದ್ದೇನಿಲ್ಲ. ಹತ್ತು ಹದಿನೈದು ಹಾಕಿದಾಗ ಸುಮ್ನೆ ಕೂತ ಬಲ್ಬುಗಳೇ ಆರರಿಂದ ಒಂಬತ್ತು ಯುನಿಟ್ ಒಯ್ಯುತ್ತವೆ, ಸ್ಲ್ಯಾಬಿನ ಅಂಚಿನಲ್ಲಿ ಇರುವವರು ನೋಡಿಕೊಳ್ಳಿ.

ಆ್ಯಪ್‌ಗೆ ಇಮೇಲಿನ ಪಾಸ್‌ವರ್ಡನ್ನೇ ಕೊಡಬೇಡಿ, ಬೇರೆಯದು ಇಡಿ. ರೂಟರಿನಲ್ಲಿ ಗೆಸ್ಟ್ ವೈಫೈ ಇದ್ದರೆ ಬಲ್ಬುಗಳನ್ನು ಅದಕ್ಕೇ ಸೇರಿಸಬಹುದು. ಆಗ ಮನೆಯ ಕಂಪ್ಯೂಟರು, ಫೋನುಗಳಿಂದ ಅವು ದೂರ ಇರುತ್ತವೆ. ಆ್ಯಪ್ ಅಪ್‌ಡೇಟ್ ಕೇಳಿದಾಗ ಮುಂದೂಡದೆ ಮಾಡಿ, ಆದರೆ ಸಿಡಿಲು ಗುಡುಗಿನ ಹೊತ್ತಲ್ಲಿ ಬೇಡ, ನಡುವೆ ಕರೆಂಟು ಹೋದರೆ ಬಲ್ಬ್ ಕೆಡಬಹುದು. ಹಳೆಯ ಬಲ್ಬನ್ನು ತಂಗಿಗೋ ನೆರೆಮನೆಗೋ ಕೊಡುವುದಾದರೆ ಮೊದಲು ನಿಮ್ಮ ಆ್ಯಪ್‌ನಿಂದ ಅಳಿಸಿ ಕೊಡಿ. ಇಲ್ಲದಿದ್ದರೆ ಅವರ ಆ್ಯಪ್ ಅದನ್ನು ಸೇರಿಸಿಕೊಳ್ಳದೇ ಇರಬಹುದು.

ಕೆಟ್ಟುಹೋದುದನ್ನು ತೋಟದ ಬದಿಗೆ ಎಸೆಯಬೇಡಿ. ವಾರಂಟಿ ಇದ್ದರೆ ಬಿಲ್ಲಿನ ಫೋಟೋ ಹಿಡಿದು ಅಂಗಡಿಗೆ ಹೋಗಿ. ಮುಗಿದಿದ್ದರೆ ಬೇರೆ ಚೀಲದಲ್ಲಿ ಕಟ್ಟಿಟ್ಟು, ಪ್ಲಾಸ್ಟಿಕ್ ಒಯ್ಯಲು ಬರುವ ಹರಿತ ಕರ್ಮ ಸೇನೆಯವರಲ್ಲಿ ಇ-ತ್ಯಾಜ್ಯ ಯಾವಾಗ ತೆಗೆದುಕೊಳ್ಳುತ್ತೀರಿ ಅಂತ ಕೇಳಿ ಅವರಿಗೇ ಕೊಡಿ.